ಮಂಡಿಚಿಪ್ಪಿನ ವಯಸ್ಸು

ನನ್ನ ಎಡಗಾಲಿನ ಮಂಡಿಚಿಪ್ಪು ಮೊದಲ ಸಲ ಜಾಗ ಬಿಟ್ಟು ಹೊರಟಾಗ ನಾನು ನಮ್ಮ ಡ್ರಿಲ್ ಮೇಷ್ಟ್ರಾಗಿದ್ದೆ. ಮೇಷ್ಟ್ರು ಬರುವುದು ಐದು ನಿಮಿಷ ತಡವಾಗಿತ್ತು. ಅಷ್ಟರಲ್ಲಿ ಅವರ ಕೆಲಸ ನಾನೇ ಮುಗಿಸಿಕೊಡೋಣ ಅಂತ ಹುಣಸೂರಿನ ಶಾಲೆಯ ಮೈದಾನದಲ್ಲಿ ಎದೆ ಉಬ್ಬಿಸಿ ನಿಂತಿದ್ದೆ. ಅವರು ಯುದ್ಧಕ್ಕೆ ಹೋಗಿ ಬಂದವರು. ಯುದ್ಧ ಎಲ್ಲ ಕಡೆ ಮುಗಿದಿದ್ದರೂ ಅವರ ಗಂಟಲಿನಲ್ಲಿ ಇನ್ನೂ ನಡೆಯುತ್ತಿತ್ತು. ಆ ಗಂಟಲಲ್ಲೇ "ಅಬೌಟ್... ಟರ್ನ್!" ಎಂದು ಕೂಗಿ, ಅವರ ಹಾಗೇ ಗಿರ್ರನೆ ತಿರುಗಿದೆ. ಮೈ ತಿರುಗಿತು, ಪಾದ ಮಣ್ಣಿನಲ್ಲೇ ಉಳಿಯಿತು. ಮಂಡಿಯ ಮುಂದೆ ಇರಬೇಕಾದ ಚಿಪ್ಪು ಹೊರಪಕ್ಕಕ್ಕೆ ಹೋಗಿ, ಬಾವಿ ಕಟ್ಟೆಯ ಮೇಲೆ ಕೂತ ಕಪ್ಪೆಯ ಹಾಗೆ ಕೂತುಬಿಟ್ಟಿತ್ತು.

ನಾನು ಅರಚಿದ್ದು ಮಾತ್ರ ನನ್ನ ಸ್ವಂತ ಗಂಟಲಲ್ಲೇ.

ಮೇಷ್ಟ್ರು ಓಡಿ ಬಂದರು. ಹಿಮ್ಮಡಿ ಹಿಡಿದು ಕಾಲನ್ನು ಮೆಲ್ಲಗೆ ನೆಟ್ಟಗೆ ಮಾಡಿ, ಹೆಬ್ಬೆರಳಲ್ಲಿ ಒತ್ತಿದರು. ಟಕ್ ಅಂತ ಚಿಪ್ಪು ಮನೆಗೆ ವಾಪಸು ಬಂತು. ನನ್ನ ಕಣ್ಣೀರು ನೋಡಿ, "ಇನ್ನೊಂದು ಸಲ ನನ್ನ ಥರ ತಿರುಗಬೇಡ ಕಣೋ. ಅದಕ್ಕೆ ಟ್ರೈನಿಂಗ್ ಬೇಕು," ಎಂದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ. ನನ್ನ ಮಂಡಿ ಮುಟ್ಟಿದವರಲ್ಲಿ ಕೆಡಿಸದೆ ಕೈ ತೆಗೆದವರು ಅವರೊಬ್ಬರೇ.

ನಮ್ಮದು ಗಾವಡಗೆರೆ. ಅಪ್ಪನಿಗೆ ಹಿಂಡಿ, ಬೆಲ್ಲ, ಹಗ್ಗದ ಅಂಗಡಿ. ಊರಾಚೆ ಎರಡು ತಾಕು ಹೊಲ. ಅಂಗಡಿಗೆ ಬಂದವರು ಬೆನ್ನು ತಿರುಗಿಸಿದ ಕೂಡಲೇ ಅವರು ನಡೆಯುವ ರೀತಿಯನ್ನು ನಾನು ನಡೆದು ತೋರಿಸುತ್ತಿದ್ದೆ. ಮಾತನ್ನು ಯಾರು ಬೇಕಾದರೂ ಅಣಕಿಸುತ್ತಾರೆ, ಅದು ಗಿಳಿಯ ಕೆಲಸ. ನನ್ನ ಹೆಚ್ಚುಗಾರಿಕೆ ಇದ್ದದ್ದು ನಡಿಗೆಯಲ್ಲಿ. ಪಟೇಲರು ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಬರುತ್ತಿದ್ದರು. ಅಪ್ಪ ನಡೆದರೆ, ತಲೆಯ ಮೇಲೆ ತುಂಬಿದ ಕೊಡವಿದೆ ಅನ್ನಿಸಬೇಕು. ತುಳುಕಿದರೆ ಮರ್ಯಾದೆ ಹೋಗುತ್ತದೆ. ಇದನ್ನು ನಾನು ಅಪ್ಪನ ಎದುರಿಗೇ ಮಾಡಿ ತೋರಿಸಿ ಏಟು ತಿಂದಿದ್ದೆ. ಏಟು ತಿಂದ ಮೇಲೆ, ಅಪ್ಪ ಏಟು ಕೊಡುವ ರೀತಿಯನ್ನೂ ಮಾಡಿ ತೋರಿಸಿದ್ದೆ. ಅಮ್ಮ ಒಳಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಚಿಪ್ಪು ಒಂದು ಸಲ ದಾರಿ ಕಂಡುಕೊಂಡ ಮೇಲೆ ಅದಕ್ಕೆ ತಿರುಗಾಟದ ಚಟ ಹತ್ತಿತು. ಬಸ್ಸಿಳಿಯುವಾಗ ಜಾರಿತು. ಕುಕ್ಕರುಗಾಲಲ್ಲಿ ಕೂತು ಏಳುವಾಗ ಜಾರಿತು. ಪಿರಿಯಾಪಟ್ಟಣದ ಕಡೆ ಮೂಳೆ ಕಟ್ಟುವ ಒಬ್ಬ ಅಜ್ಜನಿದ್ದಾನೆಂದು ಗಾಡಿ ಕಟ್ಟಿಕೊಂಡು ಹೋದೆವು. ಉದ್ದಿನ ಹಿಟ್ಟಿಗೆ ಕೋಳಿಮೊಟ್ಟೆ ಕಲಸಿ ಪಟ್ಟು ಹಾಕುವುದು ಅವನ ವಿದ್ಯೆ. ನಾವು ಲಿಂಗ ಕಟ್ಟಿದವರು. ಜೊತೆಗೆ ಬಂದಿದ್ದ ಅಜ್ಜಿ ಮೊಟ್ಟೆ ಕಂಡವಳೇ, "ಶಿವಶಿವಾ! ಕಾಲು ಓದ್ರೂ ಓಗ್ಲಿ, ಅದು ಮಾತ್ರ ಬ್ಯಾಡ," ಎಂದು ಗಾಡಿಯಿಂದಲೇ ಕೂಗಿದಳು. "ಮೊಟ್ಟೆ ಇಲ್ದಿದ್ರೆ ಪಟ್ಟು ನಿಲ್ಲಾಕಿಲ್ಲ ಕಣವ್ವಾ," ಅಂದ ಅಜ್ಜ. ಮೊಟ್ಟೆ ಇಲ್ಲದೆಯೇ ಕಟ್ಟಿಸಿದರು. ಬರೀ ಉದ್ದಿನ ಹಿಟ್ಟು ಹುಣಸೂರು ತಲುಪುವುದರೊಳಗೆ ಒಣಗಿ ಉದುರಿತು. ಕಾಲಿಗೆ ಇರುವೆ ಹತ್ತಿದ್ದೊಂದೇ ಫಲ.

ಕೊನೆಗೆ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಹೊಸದಾಗಿ ತೆರೆದಿದ್ದ ಖಾಸಗಿ ಆಸ್ಪತ್ರೆ ಅದು. ಅಲ್ಲಿ ಮೂಳೆಯ ದೊಡ್ಡ ಡಾಕ್ಟರು, ಅವರ ಹಿಂದೆ ಒಬ್ಬ ಚಿಕ್ಕ ಡಾಕ್ಟರು. ದೊಡ್ಡವರು ಮಾತಿನ ನಡುವೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸುವಷ್ಟು ಹೊತ್ತು ಯಾರೂ ಉಸಿರಾಡಬಾರದು. ಅವರು ಅಪ್ಪನಿಗೆ ಬಿಡಿಸಿ ಹೇಳಿದರು. ಮಂಡಿಚಿಪ್ಪು ಬಾವಿಯ ರಾಟೆ ಇದ್ದ ಹಾಗೆ. ಅದರ ಕೆಳಗಿನ ನಾರು ಮುಂಗಾಲಿನ ಮೂಳೆಯ ಮೇಲೆ ಉಬ್ಬಿದ ಒಂದು ಗುಬುಟಿಗೆ ಅಂಟಿಕೊಂಡಿರುತ್ತದೆ. ನನ್ನದು ಸ್ವಲ್ಪ ಹೊರಗಡೆಗೆ ಅಂಟಿಕೊಂಡಿದೆ, ಹಾಗಾಗಿ ಹಗ್ಗ ರಾಟೆಯನ್ನು ಓರೆಗೆ ಎಳೆಯುತ್ತದೆ. ಆ ಗುಬುಟನ್ನು ಉಳಿಯಿಂದ ಎಬ್ಬಿಸಿ, ಒಳಗಡೆಗೆ ಸರಿಸಿ ಮತ್ತೆ ಕೂರಿಸಿದರೆ ಚಿಪ್ಪು ಜನ್ಮದಲ್ಲಿ ಜಾರುವುದಿಲ್ಲ.

"ಆದ್ರೆ ಒಂದು ಮಾತು," ಎಂದು ಕನ್ನಡಕ ಒರೆಸಿದರು. "ಆ ಜಾಗದ ಪಕ್ಕದಲ್ಲೇ ಮೂಳೆ ಬೆಳೆಯೋ ಗೆರೆ ಇರುತ್ತೆ. ಬೆಳೆಯೋ ಹುಡುಗರಿಗೆ ಅಲ್ಲಿ ಉಳಿ ಇಡೋ ಹಾಗಿಲ್ಲ. ಇಟ್ಟರೆ ಮೂಳೆಯ ಮುಂಭಾಗದ ಬೆಳವಣಿಗೆ ನಿಂತುಹೋಗುತ್ತೆ, ಹಿಂಭಾಗದ್ದು ನಡೀತಾ ಇರುತ್ತೆ. ಕಾಲು ಹಿಂದಕ್ಕೆ ಬಾಗುತ್ತೆ. ಹುಡುಗನಿಗೆ ಹದಿನಾರು ದಾಟಿರಬೇಕು."

"ಇಲ್ದಿದ್ರೆ?" ಎಂದರು ಅಪ್ಪ.

"ಇಲ್ದಿದ್ರೆ ಎರಡು ವರ್ಷ ಪಟ್ಟಿ ಕಟ್ಟಿಕೊಂಡು, ತೊಡೆಗೆ ಕಸರತ್ತು ಮಾಡಿಕೊಂಡು ಕಾಯೋದು. ಅಷ್ಟೇ. ವಯಸ್ಸೆಷ್ಟು?"

"ಹದಿನಾರು ತುಂಬ್ಯದೆ ಸ್ವಾಮಿ, ಹದಿನೇಳು ನಡೀತಾ ಅದೆ. ಸರ್ಟಿಫಿಕೇಟು ಅದೆ, ಅಲ್ವೇ ಮತ್ತೆ?" ಎಂದರು ಅಪ್ಪ. "ಅಲ್ವೇ ಮತ್ತೆ" ಅವರ ಮಾತಿನ ಬಾಲ. ಅದು ಬಂತು ಎಂದರೆ ಮುಂದೆ ಯಾರೂ ಮಾತಾಡಬಾರದು.

ಸರ್ಟಿಫಿಕೇಟಿನ ಕಥೆ ಇಲ್ಲಿ ಹೇಳಿಬಿಡಬೇಕು. ನನ್ನ ದೊಡ್ಡಪ್ಪನ ಮಗನನ್ನು ಶಾಲೆಗೆ ಸೇರಿಸಿದ ದಿನ ನಾನೂ ಬಾಲದ ಹಾಗೆ ಹೋಗಿದ್ದೆ. ಆಗ ನನಗೆ ನಾಲ್ಕು ತುಂಬಿ ಕೆಲವು ತಿಂಗಳು. ನಮ್ಮ ಕಡೆ ವಯಸ್ಸಿಗೆ ಕಾಗದ ಯಾರ ಹತ್ತಿರ ಇತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ, ಇದೇ ಕಾನೂನು. ಅಣ್ಣ ಮುಟ್ಟಿದ. ಪಕ್ಕದಲ್ಲಿ ನಿಂತಿದ್ದ ನಾನು ಅವನನ್ನು ಅಣಕಿಸಲು ಕತ್ತು ಓರೆ ಮಾಡಿ, ಭುಜ ಎತ್ತಿ, ನಾಲಿಗೆ ಹೊರಗೆ ಹಾಕಿ ನಾನೂ ಮುಟ್ಟಿಬಿಟ್ಟೆ. ಹೆಡ್‌ಮೇಷ್ಟ್ರು ಅಪ್ಪನ ಸ್ನೇಹಿತರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಲೇ ಚೂಟಿ ಅವ್ನೆ. ಇವನ್ನೂ ಬರ್ಕೊಂಡುಬುಡಾನ ಬುಡಿ," ಎಂದು ಆರು ವರ್ಷವೆಂದು ಬರೆದರು. ಹುಟ್ಟಿದ ದಿನ ಬೇಕಲ್ಲ? ಯುಗಾದಿಯ ದಿನವನ್ನೇ ಹಾಕಿದರು. ನಮ್ಮ ತರಗತಿಯ ಅರ್ಧಕ್ಕರ್ಧ ಜನ ಅದೇ ದಿನ ಹುಟ್ಟಿದವರು. ಆವತ್ತು ನಮ್ಮೂರ ಸೂಲಗಿತ್ತಿ ಕೆರೆ ಬೀದಿಯಿಂದ ಮೇಲುಬೀದಿಗೆ ಎಷ್ಟು ಸಲ ಓಡಿರಬೇಕು, ಪಾಪ!

ಹೀಗೆ ನಾನು ಅಣಕದಿಂದಲೇ ಎರಡು ವರ್ಷ ದೊಡ್ಡವನಾದೆ. ಅಪ್ಪನಿಗೆ ಅದು ಮೋಸ ಅನ್ನಿಸಲಿಲ್ಲ, ಮಗನ ಬುದ್ಧಿ ಅನ್ನಿಸಿತು. ಬೇರೆಯವರ ಮಕ್ಕಳಿಗಿಂತ ಎರಡು ವರ್ಷ ಮುಂಚೆ ಎಸ್ಸೆಸ್ಸೆಲ್ಸಿ, ಎರಡು ವರ್ಷ ಮುಂಚೆ ಸರ್ಕಾರಿ ಕುರ್ಚಿ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ, ನಾವು ತಂಗಿದ್ದ ಛತ್ರದ ಜಗುಲಿಯ ಮೇಲೆ ಅಮ್ಮ ಅಪ್ಪನನ್ನು ಕೇಳಿದಳು. "ಇನ್ನೂ ಎಳೇ ಮೂಳೆ ಕಣ್ರೀ. ಡಾಕ್ಟ್ರು ಅಂಗಂದ್ಮೇಲೆ ನಿಜ ಯೋಳ್ಬಾರ್ದಾ? ಎರಡು ವರ್ಷ ತಾನೆ?"

"ಯೋಳಿ? ಸ್ಕೂಲ್ ರಿಜಿಸ್ಟ್ರು ಸುಳ್ಳು ಅಂತ ಬರ್ಸ್ಕೊಡ್ಲಾ? ಮುಂದಿನ್ವರ್ಷ ಪರೀಕ್ಷೆಗೆ ಕೂರೋನು ಇವ್ನು. ಎಡ್ಮೇಷ್ಟ್ರ ಗತಿ ಏನು? ಕಾಗದ್ದಾಗೆ ಹದಿನಾರು ಅಂದ್ರೆ ಹದಿನಾರು. ಅಲ್ವೇ ಮತ್ತೆ?"

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಹದಿನಾರು ಅಂತಲೇ ಹೇಳುತ್ತಿದ್ದೆ. ಹದಿನಾಲ್ಕರ ಹುಡುಗನಿಗೆ ಹದಿನಾರರ ಮೀಸೆಯಷ್ಟು ರುಚಿಯಾದ ತಿಂಡಿ ಬೇರೆ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡು ವರ್ಷ ಮಂಡಿಗೆ ಪಟ್ಟಿ ಬಿಗಿದುಕೊಂಡು ಓಡಾಡುವವನ ನಡಿಗೆ ಹೇಗಿರುತ್ತದೆ ಅಂತ ಆಗಲೇ ನಾನು ಮನಸ್ಸಿನಲ್ಲಿ ನಡೆದು ನೋಡಿಬಿಟ್ಟಿದ್ದೆ. ನೋಡಲು ಚೆನ್ನಾಗಿರಲಿಲ್ಲ.

ಆಸ್ಪತ್ರೆಗೆ ಸೇರಿದ ಮಾರನೆ ದಿನ ಬೆಳಗ್ಗೆ ದೊಡ್ಡ ಡಾಕ್ಟರು ವಾರ್ಡಿಗೆ ಬಂದರು. ಎಂಟು ಹತ್ತು ಮಂಚ, ಎಲ್ಲದರಲ್ಲೂ ಮುರಿದ ಕೈಕಾಲು. ನಾನು ಆಗಲೇ ಅವರೆಲ್ಲರಿಗೂ ಕೇರಳದ ನರ್ಸಮ್ಮನ ಕನ್ನಡವನ್ನೂ ಡಾಕ್ಟರ ಕನ್ನಡಕವನ್ನೂ ತೋರಿಸಿ ಹೆಸರು ಮಾಡಿದ್ದೆ. ಚಿಕ್ಕ ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸಾರ್, ಗೆರೆ ಇನ್ನೂ ಅಗಲವಾಗೇ ಕಾಣ್ತಾ ಇದೆ," ಎಂದರು. ಬಹಳ ಮೆಲ್ಲಗೆ, ತಪ್ಪು ತಮ್ಮದೇ ಅನ್ನುವ ಹಾಗೆ.

ದೊಡ್ಡವರು ಅಪ್ಪನ ಕಡೆ ಕೈ ಚಾಚಿದರು. ಅಪ್ಪ ಸರ್ಟಿಫಿಕೇಟು ಬಿಡಿಸಿ ಕೊಟ್ಟರು. ಓದಿದರು. "ಹಳ್ಳಿ ಹುಡುಗರಿಗೆ ಊಟ ಸಾಲದು. ಗೆರೆ ಮುಚ್ಚೋದು ತಡ ಆಗುತ್ತೆ," ಎಂದರು.

ಆಗ ಬಾಗಿಲ ಪಕ್ಕದಿಂದ ಅಮ್ಮನ ದನಿ ಬಂತು. "ಇಲ್ಲ ಸ್ವಾಮಿ. ಅವ್ನಿಗೆ ಹದಿನಾಲ್ಕು ತುಂಬಿ ನಾಕೈದು ತಿಂಗ್ಳಾಯ್ತು, ಅಷ್ಟೇಯ."

ಅಪ್ಪನ ತಲೆಯ ಮೇಲಿನ ಕೊಡ ತುಳುಕಿತು. ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ಹೇಗೆ ಹೇಳ್ತೀರಮ್ಮ? ಬರೆದಿಟ್ಟಿದ್ದೀರಾ?"

"ಬರ್ದು ಯಾರ್ ಮಡಗ್ತಾರೆ ಸ್ವಾಮಿ. ನಮ್ಮ ಕೆಂದಿ ಹಸ ಚೊಚ್ಚಲ ಕರ ಹಾಕ್ದಾಗ ನಾನು ಇವ್ನ ಏಳು ತಿಂಗ್ಳ ಬಸ್ರಿ. ಎರಡ್ನೇದು ಹಾಕ್ದಾಗ ಇವ್ನು ತೆವಳ್ತಿದ್ದ. ಆಮೇಲೊಂದು ವರ್ಷ ಕೆಂದಿ ಗೊಡ್ಡು ಬಿತ್ತು. ಮೂರ್ನೇ ಕರ, ಹೋರಿ, ಹನಗೋಡಿನ ಕಟ್ಟೆ ಮ್ಯಾಲೆ ಹೊಳೆ ಹತ್ತಿದ್ ವರ್ಷ. ಅವತ್ತಿಗೆ ಇವ್ನು ಹಾಲು ಬುಟ್ಟಿದ್ದ..."

ಅವಳು ಬೆರಳು ಮಡಿಸುತ್ತಾ ಹೋದಳು. ಒಂದು ಬೆರಳೂ ತಪ್ಪಲಿಲ್ಲ. ಮನೆಯಲ್ಲಿ ಮದುವೆ, ಸಾವು, ಸಾಲು ಸಾಲು ಹೆರಿಗೆ ಎಲ್ಲವನ್ನೂ ಅವಳು ಹಾಗೇ ಇಟ್ಟುಕೊಂಡಿದ್ದಳು. ಪಂಚಾಂಗದ ಅಯ್ಯನವರೂ ಅವಳನ್ನು ಕೇಳಿ ತಿದ್ದಿಕೊಳ್ಳುತ್ತಿದ್ದರು. ಚಿಕ್ಕ ಡಾಕ್ಟರು ಎಕ್ಸ್‌ರೇ ಕೆಳಗಿಳಿಸದೆ ಅವಳ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಚಿಕ್ಕ ಡಾಕ್ಟರನ್ನು ನೋಡಿದೆ. ಅವರು ನಂಬುತ್ತಿದ್ದಾರೆ ಅಂತ ತಿಳಿಯಿತು. ಇನ್ನೆರಡು ಬೆರಳು ಮಡಿಸಿದ್ದರೆ ನನಗೆ ಹದಿನಾಲ್ಕಾಗುತ್ತಿತ್ತು.

ನಾನು ಮಂಚದ ಮೇಲೆ ಎದ್ದು ಕೂತೆ. ಹೊದಿಕೆಯನ್ನು ಸೆರಗಿನ ಹಾಗೆ ತಲೆಗೆ ಹೊದ್ದು, ಅಮ್ಮನ ದನಿಯಲ್ಲೇ ಲೆಕ್ಕ ಮುಂದುವರಿಸಿದೆ.

"ನಾಕ್ನೇ ಕರ ಹಾಕ್ದಾಗ ಇವ್ನಿಗೆ ಕೋರೆಹಲ್ಲು ಸ್ವಾಮೀ. ಐದ್ನೇ ಕರಕ್ಕೂ ಇವ್ನಿಗೂ ಒಂದೇ ದಿನ ಕೊಂಬು ಬಂತು. ಆರ್ನೇದು ಇವ್ನಿಗಿಂತ ಮುಂಚೆ ಇಸ್ಕೂಲಿಗೆ ಓಯ್ತು. ಅಂಗಾಗಿ ಡಾಕ್ಟ್ರೇ, ಎಂಗೆ ಲೆಕ್ಕ ಆಕುದ್ರೂವೆ ಕೆಂದೀನೇ ದೊಡ್ಡೋಳು. ಮೊದ್ಲು ಅದುಕ್ಕೇ ಆಪ್ರೇಸನ್ ಮಾಡ್ಬುಡಿ!"

ವಾರ್ಡು ಸಿಡಿಯಿತು. ಎದುರು ಮಂಚದಲ್ಲಿ ಕಾಲನ್ನು ತೂಗುಹಾಕಿಸಿಕೊಂಡಿದ್ದ ಗಾಡಿಯವನೊಬ್ಬ ನಕ್ಕು ನಕ್ಕು, "ಅಯ್ಯೋ, ನಗಿಸ್ಬ್ಯಾಡ ಕಣ್ಲಾ, ನೋಯ್ತದೆ!" ಎಂದು ಕೂಗಿದ. ನರ್ಸಮ್ಮ ತಟ್ಟೆ ಕೆಳಗಿಟ್ಟು ನಕ್ಕಳು. ದೊಡ್ಡ ಡಾಕ್ಟರು ಕನ್ನಡಕವಿಲ್ಲದ ಕಣ್ಣು ಒರೆಸಿಕೊಂಡರು. ಚಿಕ್ಕ ಡಾಕ್ಟರೂ ನಕ್ಕರು. ನಗುವಾಗ ಎಕ್ಸ್‌ರೇ ಹಿಡಿದ ಕೈ ಕೆಳಗಿಳಿಯಿತು.

ಅಮ್ಮ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಆದರೆ ಇಷ್ಟು ದೊಡ್ಡ ನಗು ನನಗೆ ಅದುವರೆಗೆ ಸಿಕ್ಕಿರಲಿಲ್ಲ.

"ಏನಯ್ಯಾ, ನೀನೇ ಹೇಳು. ಎಷ್ಟು ನಿನಗೆ?" ಎಂದರು ದೊಡ್ಡವರು.

"ಹದಿನಾರು ತುಂಬ್ಯದೆ ಸ್ವಾಮಿ. ಅಲ್ವೇ ಮತ್ತೆ?" ಎಂದೆ, ಅಪ್ಪನ ಗಂಟಲಲ್ಲಿ.

ಇನ್ನೊಂದು ಸಲ ನಕ್ಕರು. "ನಾಳೆ ಆಪರೇಷನ್ನಿಗೆ ತಗೊಳ್ಳೋಣ," ಎಂದು ಮುಂದಿನ ಮಂಚಕ್ಕೆ ಹೋದರು.

ಆಪರೇಷನ್ನಿನ ಬೆಳಗ್ಗೆ ನರ್ಸಮ್ಮ ಕೊರಳಿನ ಲಿಂಗದ ಕರಡಿಗೆ ಬಿಚ್ಚಬೇಕೆಂದಳು. ಲಿಂಗ ಮೈಯಿಂದ ದೂರವಾಗಬಾರದು. ಅಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ತೋಳಿಗೆ ಕಟ್ಟಿದಳು. ಎರಡು ಗಂಟು ಹಾಕಿ, ಎಳೆದು ನೋಡಿದಳು. ನಾನೊಂದು ತಮಾಷೆ ಹೇಳಿದೆ, ಏನೆಂದು ಈಗ ನೆನಪಿಲ್ಲ, ಅವಳು ಇನ್ನೊಂದು ಸಲ ಗಂಟು ಎಳೆದು ನೋಡಿದಳು. ಆಮೇಲೆ ಮುಖದ ಮೇಲೆ ಕೊಳೆತ ಹಣ್ಣಿನಂಥ ವಾಸನೆಯ ಬಟ್ಟೆ ಇಟ್ಟರು.

ಎಚ್ಚರವಾದಾಗ ತೊಡೆಯಿಂದ ಪಾದದವರೆಗೆ ಸುಣ್ಣದ ಕಂಬ. ಊರಿಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ತಂದರು. ಪ್ಲಾಸ್ಟರಿನ ಒಳಗಿನ ತುರಿಕೆಗೆ ಬಿದಿರುಕಡ್ಡಿ ಸೀಳಿಕೊಂಡು ಬೇಸಿಗೆ ಕಳೆದೆ. ಬಿಚ್ಚಿದಾಗ ಕಾಲು ಒಣಗಿದ ಹಲಸಂದೆ ಕಾಯಿಯ ಹಾಗಿತ್ತು. ಆದರೆ ಚಿಪ್ಪು ಜಾರಲಿಲ್ಲ. ಬಸ್ಸಿಳಿದೆ, ಜಾರಲಿಲ್ಲ. ಕುಕ್ಕರುಗಾಲಲ್ಲಿ ಕೂತೆ, ಜಾರಲಿಲ್ಲ. ಅಬೌಟ್ ಟರ್ನ್ ಕೂಡ ಹೊಡೆದೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ನನ್ನ ಪಂಚೆ ಎತ್ತಿಸಿ ಗಾಯದ ಗುರುತು ತೋರಿಸಿದರು. "ಉಳೀನಲ್ಲಿ ಎಬ್ಬಿಸಿ ಕೂರಿಸವ್ರೆ. ದೊಡ್ಡ ಡಾಕ್ಟ್ರು, ಅಲ್ವೇ ಮತ್ತೆ?" ಹಿಂಡಿ ಕೊಳ್ಳಲು ಬಂದವರು ನನ್ನ ಮಂಡಿ ಮುಟ್ಟಿ ನಮಸ್ಕಾರ ಮಾಡದಿದ್ದುದೇ ಹೆಚ್ಚು.

ಎಸ್ಸೆಸ್ಸೆಲ್ಸಿ ಪಾಸಾಯಿತು. ಕಾಗದದಲ್ಲಿ ಹದಿನೆಂಟಾಗಲು ಕಾದೆವು. ಅದೂ ಆಯಿತು. ನೌಕರಿಗೆ ಅಂತ ಪ್ಯಾಂಟು ಹೊಲಿಸಲು ಹುಣಸೂರಿನ ದರ್ಜಿಯ ಹತ್ತಿರ ಹೋದೆ. ಟೇಪು ಹಿಡಿದು ಕೂತವನು ಎರಡು ಸಲ ಅಳೆದ.

"ನೆಟ್ಟಗೆ ನಿಂತ್ಕೊಳಿ ಸ್ವಾಮಿ."

"ನಿಂತಿದೀನಲ್ಲಯ್ಯಾ."

"ಅದೇನೋಪ್ಪ. ಬಲಗಾಲು ನಿಂತದೆ. ಎಡಗಾಲು ಹಿಂದುಕ್ ಓಯ್ತಾ ಅದೆ. ಬಿಲ್ಲು ತಿರುಗಿಸಿ ಇಟ್ಟಂಗೆ."

ಅವನ ಅಂಗಡಿಯ ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿದೆ. ಚಿಪ್ಪು ಇದ್ದಲ್ಲೇ ಇತ್ತು, ನಂಬಿಗಸ್ತ. ಅದರ ಸುತ್ತಲಿನ ಕಾಲೇ ಬೇರೆ ಕಡೆಗೆ ಹೊರಟಿತ್ತು. ದೊಡ್ಡ ಡಾಕ್ಟರು ಹೇಳಿದ ಹಾಗೇ ಎಲ್ಲ ಆಗಿತ್ತು: ಮುಂಭಾಗ ನಿಂತಿತ್ತು, ಹಿಂಭಾಗ ಬೆಳೆದಿತ್ತು. ಅವರ ಮಾತಿನಲ್ಲಿ ಒಂದಕ್ಷರ ಸುಳ್ಳಾಗಲಿಲ್ಲ. ಸುಳ್ಳು ಹೇಳಿದವರು ನಾವು.

ಹೆಗ್ಗಡದೇವನಕೋಟೆಯಲ್ಲಿ ಟೆಂಪರರಿ ಗುಮಾಸ್ತನ ಕೆಲಸ ಸಿಕ್ಕಿತು. ಹದಿನಾರರ ಹುಡುಗ ಹದಿನೆಂಟರ ಪ್ಯಾಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತ; ಕೂತಷ್ಟು ಹೊತ್ತು ಎಲ್ಲ ಸರಿ. ಎದ್ದರೆ ಪ್ರತಿ ಹೆಜ್ಜೆಗೂ ಎಡ ಮಂಡಿ ಹಿಂದಕ್ಕೆ ಹೊಡೆದು, ಮೈ ಒಂದು ಸಲ ಬೆಚ್ಚಿ ಮುಂದೆ ಬರುತ್ತದೆ. ಒಂದು ದಿನ ಕಡತ ಹಿಡಿದು ಕಚೇರಿಯ ಪಡಸಾಲೆಯಲ್ಲಿ ಬರುತ್ತಿದ್ದಾಗ, ಜವಾನ ನನ್ನ ಹಾಗೆ ನಡೆದು ಟೈಪಿಸ್ಟನಿಗೆ ತೋರಿಸುತ್ತಿದ್ದ. ನನ್ನನ್ನು ಕಂಡು ಕಲ್ಲಾದ.

"ತಪ್ಪು ಕಣಯ್ಯ," ಎಂದೆ. "ನೀನು ಸೊಂಟ ಅಲ್ಲಾಡಿಸ್ತಿದೀಯ. ಸೊಂಟ ಅಲ್ಲ, ಹಿಮ್ಮಡಿ ಮೊದಲು ಊರಬೇಕು. ಆಮೇಲೆ ಮಂಡಿ ಹಿಂದಕ್ಕೆ ಬೀಳಬೇಕು. ನೋಡು." ಎರಡು ಸಲ ನಡೆದು ತೋರಿಸಿದೆ. ಅವನು ನಗಲೂ ಆಗದೆ ಅಳಲೂ ಆಗದೆ, "ತಪ್ಪಾಯ್ತು ಬುದ್ಧಿ," ಎಂದ. ಆ ದಿನದಿಂದ ನಾನು ಯಾರ ನಡಿಗೆಯನ್ನೂ ಮಾಡಲಿಲ್ಲ. ಒಳ್ಳೆಯತನದಿಂದ ಅಲ್ಲ. ಯಾರ ನಡಿಗೆ ಮಾಡಹೊರಟರೂ ಅದರೊಳಗಿಂದ ನನ್ನದೇ ಇಣುಕುತ್ತದೆ. ಪಟೇಲರಿಗೂ ಎಡಗಾಲು ಹಿಂದಕ್ಕೆ ಹೋಗುತ್ತದೆ.

ಕಳೆದ ವರ್ಷ ಮೈಸೂರಿನಲ್ಲಿ ಬೇರೊಬ್ಬ ಡಾಕ್ಟರಿಗೆ ತೋರಿಸಿದೆವು. ಅಪ್ಪ, ಅಮ್ಮ, ನಾನು. ಈ ಡಾಕ್ಟರು ಸರ್ಟಿಫಿಕೇಟು ಕೇಳಲಿಲ್ಲ. ಹೊಸ ಎಕ್ಸ್‌ರೇ ದೀಪದ ಪೆಟ್ಟಿಗೆಯ ಮೇಲೆ ಇಟ್ಟು ಬಹಳ ಹೊತ್ತು ನೋಡಿದರು. ಮೂಳೆಯನ್ನು ಮತ್ತೆ ಕತ್ತರಿಸಿ, ನಡುವೆ ಸೊಂಟದಿಂದ ತೆಗೆದ ಮೂಳೆಯ ಬೆಣೆ ಹೊಡೆದು ಎತ್ತಬಹುದು. ಆರು ತಿಂಗಳು ಹಾಸಿಗೆ. ಪೂರಾ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಆಮೇಲೆ ದೀಪ ಆರಿಸಿ ಕೇಳಿದರು: "ಆಗ ಇವನು ಇನ್ನೂ ಬೆಳೆಯೋ ಹುಡುಗ. ಅವರಿಗೆ ಯಾರೂ ಹೇಳಲಿಲ್ವಾ?"

ಅಪ್ಪ ಗೋಡೆಯ ಗಡಿಯಾರ ನೋಡಿದರು. "ಅಲ್ವೇ ಮತ್ತೆ" ಬರಲಿಲ್ಲ.

"ಹೇಳಿದ್ರು ಸಾರ್," ಎಂದೆ ನಾನು. "ನಾನೇ ಕೇಳಿಸದ ಹಾಗೆ ಮಾಡಿದೆ."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳು ಅನ್ನಲೂ ಇಲ್ಲ. "ಯೋಚನೆ ಮಾಡಿ ಬನ್ನಿ," ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಟಿಕೇಟಿಗೆ ಹೋದರು. ನಾನೂ ಅಮ್ಮನೂ ಕಲ್ಲು ಬೆಂಚಿನ ಮೇಲೆ ಕೂತೆವು. ಇಷ್ಟು ವರ್ಷ ಆ ವಾರ್ಡಿನ ಮಾತನ್ನು ಅವಳೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಬೈಯಲಿ ಅಂತ ಕಾದೆ. ಬೈದರೆ ಒಂದು ದಾರಿಯಾಗುತ್ತಿತ್ತು. ಕೊನೆಗೆ ನಾನೇ, "ಅವತ್ತು ನಿನ್ನ ಅಳಿಸಿಬಿಟ್ಟೆ ಕಣವ್ವಾ," ಎಂದೆ.

ಅಮ್ಮ ನನ್ನ ಕಡೆ ತಿರುಗಿದಳು. "ಅತ್ತೋರು ಯಾರ್ಲಾ?"

"ಗೋಡೆ ಕಡೆ ತಿರುಕ್ಕೊಂಡು..."

"ನಗು ಬಂದ್ಬುಡ್ತು ಕಣೋ ನಂಗೂವೆ. ಕೊಂಬು ಬಂತು ಅಂದ್ಯಲ್ಲ." ಅವಳ ದನಿ ಒಣಗಿತ್ತು. "ಲೆಕ್ಕ ಪೂರಾ ಯೋಳ್ಬೇಕು ಅಂತ ಬಾಯ್ ತಗುದ್ರೆ ನಗು ಬತ್ತಿತ್ತು. ನಕ್ಕೋಂಡು ಯೋಳುದ್ರೆ ಯಾರ್ ನಂಬ್ತಾರೆ? ನಗು ನಿಂತ್ಕಳ್ಲಿ, ಆಮೇಲ್ ಯೋಳಾನ ಅನ್ನೋದ್ರೊಳ್ಗೆ ಮುಂದಿನ ಮಂಚುಕ್ ಓಗ್ಬುಟ್ರು."

ಹುಣಸೂರಿನ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಅವಳು ಎದ್ದು ಸೆರಗು ಬಿಗಿದು, ನನ್ನ ಎಡತೋಳಿಗೆ ಕೈ ಹಾಕಿದಳು.

"ಆಪ್ರೇಸನ್ ಮಾಡಿಸ್ಕಂತೀಯಾ?"

"ಗೊತ್ತಿಲ್ಲ."

"ಬಲಗಾಲು ಮೊದ್ಲು ಇಡು," ಎಂದಳು.